ಕಾರಿನ ಕೀಲಿ, ಔಷಧದ ಬಾಟಲಿ: ಎರಡೂ ಮಕ್ಕಳ ಕೈಗೆ ಎಟುಕದಿರಲಿ

ಆರೋಗ್ಯದ ಅಂಕಣದಲ್ಲಿ ಕಾರಿನ ಬಾಗಿಲಿಗೇನು ಕೆಲಸ ಎಂದು ಓದುಗರು ಕೇಳಬಹುದು. ಬಾಗಿಲು ಕೆಟ್ಟರೆ ಕಾರನ್ನು ಗ್ಯಾರೇಜಿಗೆ ಒಯ್ಯಬೇಕೇ ಹೊರತು ವೈದ್ಯರ ಬಳಿಗಲ್ಲ, ನಿಜ. ಆದರೆ ಆ ಬಾಗಿಲಿನಿಂದ ಆಗುವ ಅನಾಹುತಗಳು ಕೊನೆಗೆ ಬಂದು ನಿಲ್ಲುವುದು ವೈದ್ಯರ ಮುಂದೆಯೇ. ಬಾಗಿಲ ಸಂದಿಯಲ್ಲಿ ಜಜ್ಜಿಹೋದ ಪುಟ್ಟ ಬೆರಳು, ಮೇಲೇರಿದ ಗಾಜಿಗೆ ಸಿಕ್ಕಿಕೊಂಡ ಕುತ್ತಿಗೆ, ಏಕಾಏಕಿ ತೆರೆದ ಬಾಗಿಲಿಗೆ ಬಡಿದು ರಸ್ತೆಗೆ ಬಿದ್ದ ಸ್ಕೂಟರ್ ಸವಾರ, ಎಲ್ಲಕ್ಕಿಂತ ಘೋರವಾಗಿ, ಮುಚ್ಚಿದ ಕಾರಿನೊಳಗೆ ಸಿಕ್ಕಿ ಬಿಸಿಲಿನ ತಾಪಕ್ಕೆ ಪ್ರಾಣ ಬಿಟ್ಟ ಮಗು. ಇವುಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಬಳಿ ಒಳ್ಳೆಯ ಔಷಧವಿಲ್ಲ. ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ಆದ್ದರಿಂದಲೇ ಇದು ಆರೋಗ್ಯದ ವಿಷಯ.

ಒಂದು ಕಾಲಕ್ಕೆ ಕಾರು ಕೆಲವೇ ಮನೆಗಳಲ್ಲಿತ್ತು. ಅದರ ಬಾಗಿಲು ತೆರೆಯಲು, ಮುಚ್ಚಲು ಬೇರೆ ಚಾಲಕನೇ ಇರುತ್ತಿದ್ದ. ಕಿಟಕಿಯ ಗಾಜನ್ನು ಕೈಯಿಂದ ತಿರುಗಿಸಿ ಏರಿಸಬೇಕಿತ್ತು. ಈಗ ಸಣ್ಣ ಊರುಗಳಲ್ಲೂ ಬೀದಿಗೆ ನಾಲ್ಕು ಕಾರುಗಳಿವೆ. ಬೀಗ, ಗಾಜು, ಹಿಂಬಾಗಿಲು ಎಲ್ಲವೂ ಗುಂಡಿ ಒತ್ತಿದರೆ ಕೆಲಸ ಮಾಡುತ್ತವೆ. ಯಂತ್ರ ಮನೆಗೆ ಬಂತು. ಅದರ ಜೊತೆ ಬರಬೇಕಾಗಿದ್ದ ಎಚ್ಚರಿಕೆ ಮಾತ್ರ ಇನ್ನೂ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

‘ಉಸಿರುಗಟ್ಟಿ’ ಅಲ್ಲ, ಬಿಸಿಗೆ

2017ರ ಜೂನ್‌ನಲ್ಲಿ ಹರಿಯಾಣದ ಗುರುಗ್ರಾಮದ ಬಳಿ ಅವಳಿ ಹೆಣ್ಣುಮಕ್ಕಳು, 2022ರ ಜೂನ್‌ನಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ಮೂವರು ಮಕ್ಕಳು, 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪೂಡಿಯಲ್ಲಿ ನಾಲ್ವರು ಮಕ್ಕಳು ನಿಂತ ಕಾರಿನೊಳಗೆ ಸಿಕ್ಕಿಕೊಂಡು ಸತ್ತರು. ಬೀಗ ಹಾಕದೆ ನಿಲ್ಲಿಸಿದ ಕಾರು ಆಟದ ಮನೆಯಂತೆ ಕಾಣುತ್ತದೆ. ಮಕ್ಕಳು ಹತ್ತುತ್ತಾರೆ, ಬಾಗಿಲು ಎಳೆದುಕೊಳ್ಳುತ್ತಾರೆ. ಮತ್ತೆ ತೆರೆಯಲು ಬರುವುದಿಲ್ಲ.

ಇಂಥ ಸುದ್ದಿಗಳಲ್ಲಿ ಸಾಮಾನ್ಯವಾಗಿ ‘ಉಸಿರುಗಟ್ಟಿ ಸಾವು’ ಎಂದು ಬರೆದಿರುತ್ತದೆ. ಈ ಎರಡು ಪದಗಳು ಜನರನ್ನು ತಪ್ಪು ದಾರಿಗೆ ಎಳೆಯುತ್ತವೆ. ಕಾರು ಗಾಳಿಯಾಡದ ಡಬ್ಬಿಯಲ್ಲ. ಅದರ ಸಂದುಗಳಿಂದ ಗಾಳಿ ಅಷ್ಟಿಷ್ಟು ಬಂದು ಹೋಗುತ್ತಲೇ ಇರುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಮಕ್ಕಳ ಜೀವ ತೆಗೆಯುವುದು ಬಹುಪಾಲು ಸಂದರ್ಭಗಳಲ್ಲಿ ಗಾಳಿಯ ಕೊರತೆಯಲ್ಲ, ಶಾಖ. ಉಸಿರುಗಟ್ಟುವುದೇ ಕಾರಣ ಎಂದು ನಂಬಿದವರು ಏನು ಮಾಡುತ್ತಾರೆ? ಗಾಜನ್ನು ಎರಡು ಬೆರಳಷ್ಟು ಇಳಿಸಿ, ಮಲಗಿದ ಮಗುವನ್ನು ಒಳಗೇ ಬಿಟ್ಟು, ‘ಐದೇ ನಿಮಿಷ’ ಎಂದು ಔಷಧದ ಅಂಗಡಿಗೋ ಬ್ಯಾಂಕಿಗೋ ಹೋಗುತ್ತಾರೆ. ಗಾಳಿ ಆಡುತ್ತದೆಯಲ್ಲ ಎಂಬ ಧೈರ್ಯ. ರೋಗವನ್ನು ತಪ್ಪಾಗಿ ಹೆಸರಿಸಿದರೆ ಚಿಕಿತ್ಸೆಯೂ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. ಹೊರಗೆ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ಬೇರೆ ಬೇರೆ ದಿನಗಳಲ್ಲಿ ಅವರು ಬಿಸಿಲಿನಲ್ಲಿ ಕಾರು ನಿಲ್ಲಿಸಿ ಒಳಗಿನ ಉಷ್ಣತೆಯನ್ನು ಅಳೆದರು. ಒಂದು ಗಂಟೆಯಲ್ಲಿ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿಯಷ್ಟು ಏರಿತು. ಆ ಏರಿಕೆಯಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಯಿತು. ಗಾಜನ್ನು ಸ್ವಲ್ಪ ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಅಂದರೆ ಬೆಂಗಳೂರು, ಮೈಸೂರಿನ ಹಿತವಾದ ಹವೆಯಲ್ಲೂ ನಿಂತ ಕಾರು ಒಲೆಯಾಗುತ್ತದೆ. ರಾಯಚೂರು, ಕಲಬುರಗಿಗಳ ಏಪ್ರಿಲ್ ಬಿಸಿಲಿನ ಮಾತನ್ನು ಹೇಳಬೇಕಾಗಿಯೇ ಇಲ್ಲ.

ಇದಕ್ಕೆ ಕಾರಣ ಸರಳ. ಸೂರ್ಯನ ಬೆಳಕು ಗಾಜಿನ ಮೂಲಕ ಒಳಗೆ ಬಂದು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ. ಕಾದ ಆ ವಸ್ತುಗಳು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಆ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಮಗುವಿನ ದೇಹಕ್ಕೆ ಇದನ್ನು ತಡೆಯುವ ಶಕ್ತಿ ಕಡಿಮೆ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವು ದೊಡ್ಡದು, ಬೆವರುವ ಸಾಮರ್ಥ್ಯ ಸಣ್ಣದು. ದೊಡ್ಡವರಿಗಿಂತ ಮಕ್ಕಳ ಮೈ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದೆ. ಮೈಯ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮಿದುಳಿನ ಕೆಲಸ ಏರುಪೇರಾದರೆ ಅದನ್ನು ಶಾಖಾಘಾತ ಎನ್ನುತ್ತೇವೆ. ಮಗು ಮೊದಲು ಅಳುತ್ತದೆ, ಆಮೇಲೆ ಮಂಕಾಗುತ್ತದೆ, ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪುತ್ತದೆ. ಹೊರಗಿನವರ ಕಣ್ಣಿಗೆ ಅದು ನಿದ್ದೆ ಮಾಡುತ್ತಿರುವಂತೆಯೇ ಕಾಣುತ್ತದೆ ಎಂಬುದು ಇನ್ನೂ ಭಯಂಕರ.

ಅಮೆರಿಕದಲ್ಲಿ 1998ರಿಂದ ಈಚೆಗೆ 900ಕ್ಕೂ ಹೆಚ್ಚು ಮಕ್ಕಳು ಹೀಗೆ ಸತ್ತಿದ್ದಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳನ್ನು ಹೆತ್ತವರೋ ನೋಡಿಕೊಳ್ಳುವವರೋ ಕಾರಿನಲ್ಲಿ ಮರೆತು ಹೋಗಿದ್ದರು. ನಾಲ್ಕರಲ್ಲಿ ಒಂದರಷ್ಟು ಮಕ್ಕಳು ತಾವಾಗಿಯೇ ಒಳಗೆ ಸೇರಿಕೊಂಡಿದ್ದರು. ‘ಹೆತ್ತ ಮಗುವನ್ನು ಮರೆಯುವವರೂ ಉಂಟೇ’ ಎಂದು ನಾವು ಮೂಗಿನ ಮೇಲೆ ಬೆರಳಿಡುವುದು ಬೇಡ. ನಮ್ಮ ಕೂಡುಕುಟುಂಬಗಳಲ್ಲಿ ಮರೆವು ಬೇರೆ ರೂಪದಲ್ಲಿ ಬರುತ್ತದೆ. ಮದುವೆಯ ಛತ್ರದ ಮುಂದೆ ಕಾರು ನಿಲ್ಲುತ್ತದೆ. ಮಗು ಅಜ್ಜಿಯ ಜೊತೆ ಇಳಿಯಿತು ಎಂದು ತಾಯಿ, ತಾಯಿಯ ಜೊತೆ ಹೋಯಿತು ಎಂದು ಅಜ್ಜಿ, ಇಬ್ಬರಲ್ಲಿ ಒಬ್ಬರ ಬಳಿ ಇರಬೇಕು ಎಂದು ತಂದೆ. ಎಲ್ಲರಿಗೂ ಸೇರಿದ ಮಗು ಆ ಹತ್ತು ನಿಮಿಷ ಯಾರ ಬಳಿಯೂ ಇರುವುದಿಲ್ಲ.

ಇದಕ್ಕೆ ಪರಿಹಾರ ಖರ್ಚಿಲ್ಲದ್ದು. ಕಾರು ನಿಂತಾಗಲೆಲ್ಲ, ಮಗು ಬಂದಿರಲಿ ಬಾರದಿರಲಿ, ಚಾಲಕರು ಹಿಂದಿನ ಬಾಗಿಲು ತೆರೆದು ಸೀಟಿನ ಮೇಲೂ ಕೆಳಗೂ ನೋಡಿಯೇ ಬೀಗ ಹಾಕುವ ರೂಢಿ ಮಾಡಿಕೊಳ್ಳಲಿ. ಶಾಲಾ ವಾಹನದ ಚಾಲಕರಿಗೂ ಈ ಮಾತು ಅನ್ವಯಿಸುತ್ತದೆ. ಮನೆಯ ಅಂಗಳದಲ್ಲಿ ನಿಂತ ಕಾರಿಗೂ, ಶೆಡ್ಡಿನಲ್ಲಿ ವರ್ಷಗಟ್ಟಲೆ ಕೆಟ್ಟು ನಿಂತ ಹಳೆಯ ಕಾರಿಗೂ ಬೀಗ ಇರಲಿ. ಮನೆಯಲ್ಲಿ ಮಗು ಕಾಣಿಸದಿದ್ದರೆ ಮೊದಲು ನೀರಿನ ತೊಟ್ಟಿ, ಬಾವಿಗಳನ್ನು ನೋಡುತ್ತೇವಲ್ಲ, ಅದರ ಜೊತೆಗೇ ಕಾರಿನ ಒಳಗನ್ನೂ ಡಿಕ್ಕಿಯನ್ನೂ ನೋಡಬೇಕು.

ಕೀಲಿ ಆಟಿಕೆಯಲ್ಲ

ಅಳುವ ಮಗುವಿನ ಕೈಗೆ ಕಾರಿನ ಕೀಲಿ ಕೊಟ್ಟು ಸುಮ್ಮನಾಗಿಸುವುದನ್ನು ನನ್ನ ಚಿಕಿತ್ಸಾಲಯದಲ್ಲೇ ಆಗಾಗ ನೋಡುತ್ತೇನೆ. ‘ನಮ್ಮ ಪುಟ್ಟನಿಗೆ ಆಗಲೇ ಲಾಕ್ ತೆಗೆಯಲು ಬರುತ್ತದೆ ಡಾಕ್ಟ್ರೇ’ ಎಂದು ಹೆಮ್ಮೆಯಿಂದ ಹೇಳುವ ತಂದೆಯರೂ ಇದ್ದಾರೆ. ತೆಗೆಯಲು ಬಂದ ಮಗುವಿಗೆ ಒಳಗಿನಿಂದ ಹೊರಬರಲು ಬರುತ್ತದೆಯೇ ಎಂದು ನಾನು ಕೇಳಿದರೆ ಉತ್ತರವಿರುವುದಿಲ್ಲ. ಕೀಲಿಯನ್ನು ಔಷಧದ ಬಾಟಲಿಯಂತೆ ಕಾಣಬೇಕು. ಎತ್ತರದ ಜಾಗದಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಹಿಂದಿನ ಬಾಗಿಲುಗಳಲ್ಲಿ ‘ಚೈಲ್ಡ್ ಲಾಕ್’ ಎಂಬ ಸಣ್ಣ ಸನ್ನೆಯಿರುತ್ತದೆ. ಅದನ್ನು ಹಾಕಿದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ಮಾತ್ರ ತೆರೆಯುತ್ತದೆ. ಓಡುವ ಕಾರಿನಲ್ಲಿ ಮಗು ಹಿಡಿಕೆ ಎಳೆದು ರಸ್ತೆಗೆ ಬೀಳದಂತೆ ಅದು ಕಾಪಾಡುತ್ತದೆ. ಆದ್ದರಿಂದ ಸಣ್ಣ ಮಕ್ಕಳಿರುವ ಮನೆಯವರು ಅದನ್ನು ಬಳಸಲೇಬೇಕು. ಆದರೆ ನಿಂತ ಕಾರಿನಲ್ಲಿ ಅದೇ ಬೀಗ ಬಲೆಯಾಗುತ್ತದೆ. ಔಷಧಕ್ಕೆ ಗುಣವೂ ಅಡ್ಡಪರಿಣಾಮವೂ ಇರುವಂತೆ ಇದಕ್ಕೂ ಇದೆ. ಬಾಡಿಗೆ ಕಾರುಗಳಲ್ಲಿ ಒಂಟಿ ಮಹಿಳೆಯರ ಸುರಕ್ಷತೆಗೆ ಇದೇ ಬೀಗ ಅಪಾಯ ಎಂಬ ಕಾರಣಕ್ಕೆ 2019ರ ಜುಲೈನಿಂದ ಹೊಸ ಟ್ಯಾಕ್ಸಿಗಳಲ್ಲಿ ಇದು ಇರಕೂಡದು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಅದೇ ವೇಳೆಗೆ ಹೊಸ ಕಾರುಗಳಲ್ಲಿ ವಿದ್ಯುತ್ ಬೀಗ ಕೈಕೊಟ್ಟರೆ ಕೈಯಿಂದ ತೆರೆಯುವ ವ್ಯವಸ್ಥೆಯೂ ಕಡ್ಡಾಯವಾಯಿತು. ವ್ಯವಸ್ಥೆ ಇದೆ, ಆದರೆ ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಎಂದು ಮನೆಯಲ್ಲಿ ಎಷ್ಟು ಜನರಿಗೆ ಗೊತ್ತು?

ನಾಲ್ಕೈದು ವರ್ಷ ತುಂಬಿದ ಮಕ್ಕಳಿಗೆ ಒಂದು ಭಾನುವಾರ ಇದನ್ನು ಕಲಿಸಿ. ಹಿಂದಿನ ಬಾಗಿಲು ತೆರೆಯದಿದ್ದರೆ ಮುಂದಿನ ಸೀಟಿಗೆ ದಾಟಿ ಆ ಬಾಗಿಲು ತೆರೆಯಬೇಕು. ಅದೂ ಆಗದಿದ್ದರೆ ಸ್ಟಿಯರಿಂಗಿನ ನಡುವೆ ಇರುವ ಹಾರ್ನ್ ಒತ್ತುತ್ತಲೇ ಇರಬೇಕು. ಬಹುತೇಕ ಕಾರುಗಳಲ್ಲಿ ಎಂಜಿನ್ ನಿಂತಿದ್ದರೂ ಹಾರ್ನ್ ಕೂಗುತ್ತದೆ. ನಿಮ್ಮದರಲ್ಲಿ ಕೂಗುತ್ತದೆಯೇ ಎಂದು ನೀವೇ ಪರೀಕ್ಷಿಸಿ ನೋಡಿ. ‘ಕಾರಿನಲ್ಲಿ ಆಡಬೇಡ’ ಎಂದು ಗದರುವುದು ಸಾಲದು. ಗದರಿಸಿಕೊಂಡ ಮಗು ಒಳಗೆ ಸಿಕ್ಕಿಕೊಂಡಾಗ ಏಟು ಬೀಳುತ್ತದೆಂದು ಹೆದರಿ ಕೂಗದೆಯೂ ಇರಬಹುದು.

ಮೇಲೇರುವ ಗಾಜು

ಮಗು ಬಾಗಿಲಿನ ಕೈಯಾಸರೆಯ ಮೇಲೆ ಮಂಡಿಯೂರಿ ಕಿಟಕಿಯಿಂದ ತಲೆ ಹೊರಗೆ ಹಾಕುತ್ತದೆ. ಅದರ ಮಂಡಿಯೇ ಗುಂಡಿಯ ಮೇಲೆ ಬೀಳುತ್ತದೆ, ಇಲ್ಲವೇ ಮುಂದೆ ಕುಳಿತ ತಂದೆ ಎ.ಸಿ. ಹಾಕುವ ಆತುರದಲ್ಲಿ ಹಿಂದೆ ನೋಡದೆ ಎಲ್ಲ ಗಾಜುಗಳನ್ನೂ ಏರಿಸುತ್ತಾರೆ. ಗಾಜು ಕುತ್ತಿಗೆಗೆ ಒತ್ತಿದರೆ ಉಸಿರಿನ ನಾಳವೂ ಮಿದುಳಿಗೆ ರಕ್ತ ಒಯ್ಯುವ ನಾಳಗಳೂ ಅದುಮಿಹೋಗುತ್ತವೆ. ಆಗ ಮಗುವಿಗೆ ಕೂಗಲು ಸಹ ಆಗುವುದಿಲ್ಲ.

ಅಮೆರಿಕದಲ್ಲಿ ಗುಂಡಿಯನ್ನು ಮೇಲಕ್ಕೆ ಎಳೆದರೆ ಮಾತ್ರ ಗಾಜು ಏರುವಂಥ ರಚನೆಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದರು. ಮಂಡಿಯ ಭಾರದಿಂದ ಗಾಜು ಏರದಿರಲಿ ಎಂಬುದು ಅದರ ಉದ್ದೇಶ. ಏನಾದರೂ ಅಡ್ಡ ಬಂದರೆ ಗಾಜು ತಾನಾಗಿ ಕೆಳಗಿಳಿಯುವ ಸೌಲಭ್ಯವೂ ಈಗಿನ ಕಾರುಗಳಲ್ಲಿ ಬಂದಿದೆ. ಆದರೆ ಅನೇಕ ಮಾದರಿಗಳಲ್ಲಿ ಅದು ಚಾಲಕರ ಕಿಟಕಿಗೆ ಮಾತ್ರ ಇರುತ್ತದೆ, ಮಕ್ಕಳು ಕೂರುವ ಹಿಂದಿನ ಕಿಟಕಿಗಳಿಗಲ್ಲ. ಚಾಲಕರ ಬಾಗಿಲಿನಲ್ಲಿ ಉಳಿದ ಕಿಟಕಿಗಳ ಗುಂಡಿಗಳನ್ನು ನಿಷ್ಕ್ರಿಯಗೊಳಿಸುವ ಒಂದು ಗುಂಡಿಯಿದೆ. ಮಕ್ಕಳು ಕಾರಿನಲ್ಲಿರುವಾಗ ಅದನ್ನು ಒತ್ತಿಡಿ. ಗಾಜು ಏರಿಸುವ ಮೊದಲು ತಿರುಗಿ ನೋಡಿ, ‘ಕೈ ಒಳಗೆ’ ಎಂದು ಬಾಯಿಬಿಟ್ಟು ಹೇಳಿ.

ಚಾವಣಿಯ ಕಿಟಕಿಯಿಂದ ಮಕ್ಕಳನ್ನು ನಿಲ್ಲಿಸಿ ಮೆರವಣಿಗೆ ಮಾಡುವ ಹೊಸ ಚಟ ಬೇರೆ ಹುಟ್ಟಿಕೊಂಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೀಗೆ ನಿಂತಿದ್ದ ಬಾಲಕನ ತಲೆ, ಎತ್ತರದ ವಾಹನಗಳನ್ನು ತಡೆಯಲು ರಸ್ತೆಗೆ ಅಡ್ಡವಾಗಿ ಹಾಕಿದ್ದ ಕಬ್ಬಿಣದ ತೊಲೆಗೆ ಬಡಿಯಿತು. ಆ ಕಿಟಕಿ ಇರುವುದು ಬೆಳಕಿಗೆ, ಗಾಳಿಗೆ. ಮಕ್ಕಳಿಗಲ್ಲ.

ಜಜ್ಜಿದ ಬೆರಳು

ಸಾಮಾನ್ಯ ವೈದ್ಯನಾಗಿ ನಾನು ಹೆಚ್ಚು ನೋಡುವುದು ಇದನ್ನೇ. ಒಬ್ಬರು ಇಳಿದು ಬಾಗಿಲು ತಳ್ಳುತ್ತಾರೆ, ಇನ್ನೊಬ್ಬರ ಬೆರಳು ಸಂದಿಯಲ್ಲಿರುತ್ತದೆ. ಮುಂದಿನ ಬಾಗಿಲಿನಿಂದ ಇಳಿಯುವವರು ಬಾಗಿಲು ಹಾಕುವಾಗ, ಹಿಂದೆ ಕುಳಿತ ಮಗು ನಡುವಿನ ಕಂಬವನ್ನು ಹಿಡಿದಿರುವುದು ತೀರ ಸಾಮಾನ್ಯ.

ಬೆರಳು ಜಜ್ಜಿದರೆ ಮೊದಲು ಉಂಗುರವಿದ್ದರೆ ತೆಗೆಯಿರಿ. ಬಾವು ಬಂದ ಮೇಲೆ ಅದು ಬರುವುದಿಲ್ಲ. ಹರಿಯುವ ತಣ್ಣೀರಿನಲ್ಲಿ ತೊಳೆಯಿರಿ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಕೈ ಎತ್ತರದಲ್ಲಿರಲಿ. ಕಾಫಿಪುಡಿ, ಅರಿಶಿನ, ಹೊಗೆಸೊಪ್ಪಿನ ಪುಡಿ ಮೆತ್ತಬೇಡಿ. ಅದನ್ನು ತೊಳೆದು ತೆಗೆಯುವ ನೋವು ಮಗುವಿಗೆ ಎರಡನೆಯ ಗಾಯ. ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗಿದ್ದರೆ, ಬೆರಳ ತುದಿ ಸೊಟ್ಟಗಾಗಿದ್ದರೆ ಎಕ್ಸ್‌ರೇ ಬೇಕಾಗುತ್ತದೆ. ಚರ್ಮ ಒಡೆದಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಿ. ಬೆರಳಿನ ತುಂಡು ಬೇರ್ಪಟ್ಟಿದ್ದರೆ ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ತುಂಡನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡಕೂಡದು.

ಯಾವ ಕೈಯಿಂದ ಬಾಗಿಲು ತೆರೆಯಬೇಕು?

ಇದೂ ಒಂದು ಪ್ರಶ್ನೆಯೇ ಎನಿಸಬಹುದು. ರಸ್ತೆಯ ಬದಿಗೆ ಕಾರು ನಿಲ್ಲಿಸಿದ ಚಾಲಕರು ಬಲಗೈಯಿಂದ ಬಾಗಿಲು ತಳ್ಳಿದರೆ ಮುಖ ಮುಂದಕ್ಕೇ ಇರುತ್ತದೆ. ಅದೇ ಎಡಗೈಯನ್ನು ಚಾಚಿ ತೆರೆದರೆ ಮೈ ತಾನಾಗಿ ಹೊರಳಿ ಕಣ್ಣು ಹಿಂದಿನಿಂದ ಬರುವ ವಾಹನದ ಮೇಲೆ ಬೀಳುತ್ತದೆ. ಎಡಬದಿಯಲ್ಲಿ ಕುಳಿತವರು ಬಲಗೈಯಿಂದ ತೆರೆಯಬೇಕು. ಬಾಗಿಲಿಗೆ ದೂರವಿರುವ ಕೈ ಎಂದು ನೆನಪಿಟ್ಟರೆ ಸಾಕು. ಸೈಕಲ್ಲುಗಳ ನಾಡಾದ ನೆದರ್ಲೆಂಡ್ಸಿನ ಹೆಸರಿನಲ್ಲಿ ಈ ಕ್ರಮ ಪ್ರಸಿದ್ಧವಾಗಿದೆ. ಬ್ರಿಟನ್ ತನ್ನ ರಸ್ತೆ ನಿಯಮಗಳ ಪುಸ್ತಕದಲ್ಲಿ 2022ರಲ್ಲಿ ಇದನ್ನು ಸೇರಿಸಿತು. ದ್ವಿಚಕ್ರ ವಾಹನಗಳು ಎಡಕ್ಕೂ ಬಲಕ್ಕೂ ನುಗ್ಗುವ ನಮ್ಮ ರಸ್ತೆಗಳಿಗೆ ಇದು ಇನ್ನೂ ಹೆಚ್ಚು ಬೇಕು. ಬಾಗಿಲಿಗೆ ಬಡಿದ ಸವಾರ ಬೀಳುವುದು ಹಿಂದಿನಿಂದ ಬರುವ ಬಸ್ಸಿನ ಚಕ್ರದ ಹಾದಿಗೆ. ಆಟೋ ಇಳಿಯುವವರೂ ಹಿಂದೆ ನೋಡಿಯೇ ಇಳಿಯಬೇಕು.

ಹಿಂಬಾಗಿಲು

ಮನೆ ಬದಲಿಸುವಾಗ ಫ್ರಿಜ್ಜನ್ನೋ ಮಂಚವನ್ನೋ ಹಿಂದೆ ತುರುಕಿ, ಹಿಂಬಾಗಿಲನ್ನು ಅರ್ಧ ತೆರೆದು ಹಗ್ಗ ಕಟ್ಟಿ ಓಡಿಸುವುದುಂಟು. ಓಡುವ ಕಾರಿನ ಹಿಂದೆ ಗಾಳಿ ಸುತ್ತಿ ಸುಳಿಯುತ್ತದೆ. ಆ ಸುಳಿ ಹೊಗೆಕೊಳವೆಯ ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ ಬಂದರೆ ‘ಘಾಟಿಯ ತಿರುವಿಗೆ ಹೀಗಾಯಿತು’ ಎಂದುಕೊಳ್ಳುತ್ತಾರೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತ ಎ.ಸಿ. ಹಾಕಿ ಮಲಗುವುದೂ ಇಷ್ಟೇ ಅಪಾಯಕಾರಿ. ತೆರೆದ ಹಿಂಬಾಗಿಲ ಬಳಿ ಮಕ್ಕಳನ್ನು ಕಾಲು ಇಳಿಬಿಟ್ಟು ಕೂರಿಸಿ ಓಡಿಸುವುದನ್ನು ಬಿಡಬೇಕು. ಹಿಂಬಾಗಿಲನ್ನು ಎತ್ತಿ ಹಿಡಿಯುವ ದಂಡಗಳು ಸಡಿಲವಾಗಿದ್ದರೆ ತಲೆಯ ಮೇಲೆ ಬೀಳುವ ಮೊದಲೇ ಬದಲಾಯಿಸಿ.

ಡಿಕ್ಕಿಯ ಬಗ್ಗೆ ಒಂದು ಮಾತು. 1998ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಮೂರು ಘಟನೆಗಳಲ್ಲಿ 11 ಮಕ್ಕಳು ಡಿಕ್ಕಿಯೊಳಗೆ ಸಿಕ್ಕಿ ಸತ್ತರು. ಆ ನಂತರ ಅಲ್ಲಿ 2001ರ ಸೆಪ್ಟೆಂಬರ್‌ನಿಂದ ತಯಾರಾದ ಕಾರುಗಳ ಡಿಕ್ಕಿಯಲ್ಲಿ ಒಳಗಿನಿಂದ ತೆರೆಯುವ, ಕತ್ತಲಲ್ಲಿ ಹೊಳೆಯುವ ಹಿಡಿಕೆ ಕಡ್ಡಾಯವಾಯಿತು. ಒಂದು ದೇಶ ಮನಸ್ಸು ಮಾಡಿದರೆ ಮೂರೇ ವರ್ಷದಲ್ಲಿ ಒಂದು ಬಗೆಯ ಸಾವಿಗೆ ಬೀಗ ಹಾಕಬಹುದು ಎಂಬುದಕ್ಕೆ ಇದು ಸಾಕ್ಷಿ.

ನೀರು ತುಂಬಿದಾಗ

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಸಿಕ್ಕಿದ ಕಾರಿನಲ್ಲಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಅದೇ ವರ್ಷ ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಗೆ ಕಾರುಗಳು ಉರುಳಿ ಹಲವರು ಸತ್ತರು. ಕಾರು ನೀರಿಗಿಳಿದರೆ ಫೋನ್ ಮಾಡುತ್ತ ಕೂರಬಾರದು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯದು, ಆದರೆ ಮೊದಲ ಕೆಲವು ಕ್ಷಣ ಗಾಜು ಇಳಿಯುತ್ತದೆ. ಸೀಟ್ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಹಾಕಿ, ನೀವೂ ಅದೇ ಕಿಟಕಿಯಿಂದ ಹೊರಬನ್ನಿ. ಗಾಜು ಒಡೆಯುವ ಸಣ್ಣ ಸುತ್ತಿಗೆ ಕೈಗೆ ಸಿಗುವಂತೆ ಇರಲಿ. ಒಡೆಯಬೇಕಾದುದು ಪಕ್ಕದ ಕಿಟಕಿಯ ಮೂಲೆಯನ್ನು. ಮುಂದಿನ ಗಾಜು ಪದರ ಪದರವಾಗಿ ಅಂಟಿಸಿದ್ದು, ಅದು ಬಿರುಕು ಬಿಟ್ಟರೂ ದಾರಿ ಬಿಡುವುದಿಲ್ಲ.

ಬಿಸಿಲಿನಲ್ಲಿ ಮಗು ಒಳಗೆ ಸಿಕ್ಕಿದ್ದರೂ ಹೀಗೆಯೇ. ಕೀಲಿ ಮಾಡುವವನನ್ನು ಹುಡುಕುತ್ತ ಕಾಲ ಕಳೆಯದೆ ಮಗುವಿಗೆ ದೂರವಿರುವ ಕಿಟಕಿಯನ್ನು ಒಡೆಯಿರಿ. ಮಗುವನ್ನು ನೆರಳಿಗೆ ತಂದು ಬಟ್ಟೆ ಬಿಚ್ಚಿ, ಮೈಗೆಲ್ಲ ತಣ್ಣೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗಳಿಗೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಜ್ವರದ ಔಷಧ ಇಲ್ಲಿ ಕೆಲಸ ಮಾಡುವುದಿಲ್ಲ. 108ಕ್ಕೆ ಕರೆ ಮಾಡಿ, ಆಸ್ಪತ್ರೆ ತಲುಪುವವರೆಗೂ ತಂಪು ಮಾಡುತ್ತಲೇ ಇರಿ.

ಯಾರ ಹೊಣೆ?

ಇಷ್ಟೆಲ್ಲವನ್ನೂ ಹೆತ್ತವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಕಾರು ಮಾರುವ ಮಳಿಗೆಯವರು ಹೂವಿನ ಹಾರ ಹಾಕಿ, ಸಿಹಿ ಹಂಚಿ, ಫೋಟೊ ತೆಗೆದು ಕೀಲಿ ಕೊಡುತ್ತಾರೆ. ಹಾಡು ಹಾಕುವ ಗುಂಡಿ ಯಾವುದು ಎಂದು ತೋರಿಸುತ್ತಾರೆ. ಅದೇ ಹೊತ್ತಿನಲ್ಲಿ ಮನೆಯವರನ್ನೆಲ್ಲ ಒಳಗೆ ಕೂರಿಸಿ ಚೈಲ್ಡ್ ಲಾಕ್ ಎಲ್ಲಿ, ಕಿಟಕಿಯ ಬೀಗ ಯಾವುದು, ವಿದ್ಯುತ್ ಇಲ್ಲದಾಗ ಬಾಗಿಲು ತೆರೆಯುವುದು ಹೇಗೆ ಎಂದು ಹದಿನೈದು ನಿಮಿಷ ಕಲಿಸಿದರೆ ಏನು ಗಂಟು ಹೋಗುತ್ತದೆ? ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಇವುಗಳ ಪುಟಗಳಾದರೂ ಕನ್ನಡದಲ್ಲಿ ಇರಲಿ. ಅಜ್ಜಿಗೂ ಓದಲು ಬರಬೇಕು. ಚಾಲನಾ ಪರವಾನಗಿಯ ಪರೀಕ್ಷೆಯಲ್ಲಿ ಎಂಟರ ಆಕಾರ ಹಾಕಿಸುವಂತೆ ಬಾಗಿಲು ತೆರೆದು ಇಳಿಯುವುದನ್ನೂ ನೋಡಲಿ. ಹಿಂದಿನ ಕಿಟಕಿಗಳಿಗೂ ಅಡ್ಡ ಬಂದರೆ ಇಳಿಯುವ ಗಾಜನ್ನು ಕಡ್ಡಾಯ ಮಾಡಲಿ.

‘ಮುಂದೆ ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ’ ಎನ್ನುವವರಿದ್ದಾರೆ. ಹಿಂದಿನ ಸೀಟಿನಲ್ಲಿ ಮಗು ಉಳಿದಿದ್ದರೆ ಎಚ್ಚರಿಸುವ ಉಪಕರಣಗಳು ಬಂದಿರುವುದು ನಿಜ, ಅವು ಬರಲಿ. ಆದರೆ ಈಗ ನಮ್ಮ ರಸ್ತೆಗಳಲ್ಲಿರುವ ಹಳೆಯ ಕಾರುಗಳು ಇನ್ನೂ ಹತ್ತು ಹದಿನೈದು ವರ್ಷ ಓಡುತ್ತವೆ. ಅಲ್ಲಿಯವರೆಗೆ ಮಕ್ಕಳು ಕಾಯಲಾರರು.

ಪೋಲಿಯೊ ಹನಿ ಹಾಕಿಸಲು ನಾವು ರೋಗ ಬರಲೆಂದು ಕಾದಿರಲಿಲ್ಲ. ಇದೂ ಹಾಗೆಯೇ. ಮೂರು ರೂಢಿಗಳು ಸಾಕು: ಕೀಲಿ ಎತ್ತರದಲ್ಲಿ, ಇಳಿಯುವಾಗ ಹಿಂದಿನ ಸೀಟಿನ ಕಡೆಗೆ ಒಂದು ನೋಟ, ಬಾಗಿಲು ತೆರೆಯಲು ದೂರದ ಕೈ. ಈ ಭಾನುವಾರ ಕಾರು ತೊಳೆಯುವಾಗ ಮನೆಯವರೆಲ್ಲ ಸೇರಿ ಒಮ್ಮೆ ಇದನ್ನು ಅಭ್ಯಾಸ ಮಾಡಿ ನೋಡಿ.